ಕರ್ನಲ್ ಗಾಬರಿಯಾದ ದಿನ

ಹುರುಳಿಕಾಳಿಗಿಂತ ಚಿಕ್ಕದಾದ ಒಂದು ಕರಿ ಪ್ಲಾಸ್ಟಿಕ್ ಟೊಪ್ಪಿ ಕಳಚಿಬಿದ್ದ ಕಾರಣಕ್ಕೆ ಬಂಗಾರಪೇಟೆ ತಾಲ್ಲೂಕಿನ ನಾಲ್ಕು ಸಾವಿರ ಹಸುಗಳು ಒಂದು ಬೆಳಗ್ಗೆ ಒಟ್ಟಿಗೆ ಕಾಣೆಯಾದವು.

ನಿಜವಾದ ಹಸುಗಳೇನೋ ತಮ್ಮ ತಮ್ಮ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ಸುಖವಾಗಿಯೇ ಇದ್ದವು. ಕಾಣೆಯಾದದ್ದು ಹಾಲು ಸಂಘದ ಕಂಪ್ಯೂಟರಿನೊಳಗಿದ್ದ ಹಸುಗಳು. ಯಾವ ಹಳ್ಳಿಯ ಯಾರ ಹಸು, ಅದರ ಕಿವಿಯ ಬಿಲ್ಲೆಯ ನಂಬರು ಎಷ್ಟು, ಯಾವಾಗ ಕರು ಹಾಕಿತು, ಕಾಲುಬಾಯಿ ಜ್ವರದ ಚುಚ್ಚುಮದ್ದು ಎಂದು ಬಿತ್ತು ಎಂಬುದನ್ನೆಲ್ಲ ನಾಲ್ಕು ವರ್ಷ ಕೂತು, ಒಂದೊಂದೇ ಅಕ್ಷರ ಒತ್ತಿ, ಆ ಪೆಟ್ಟಿಗೆಯೊಳಗೆ ಕಟ್ಟಿಹಾಕಿದ್ದವನು ಆದಿನಾರಾಯಣ. ಆಂಡರ್ಸನ್‌ಪೇಟೆಯವನು. ರಾಬರ್ಟ್‌ಸನ್‌ಪೇಟೆಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ದಿನಾ ಮಾರಿಕುಪ್ಪಂ ಪ್ಯಾಸೆಂಜರಿನಲ್ಲಿ ಬಂಗಾರಪೇಟೆಗೆ ಬಂದು ಹೋಗುತ್ತಿದ್ದ ದಿನಗೂಲಿ ಆಪರೇಟರು.

ತೊಂಬತ್ತನಾಲ್ಕನೇ ಇಸವಿಯ ಆ ದಿನ ಮಧ್ಯಾಹ್ನ ಮೂರಕ್ಕೆ ಬೆಂಗಳೂರಿನ ದೊಡ್ಡಾಫೀಸಿನಿಂದ ಸಾಹೇಬರೊಬ್ಬರು ಕಂಪ್ಯೂಟರ್ ನೋಡಲು ಬರುವುದಿತ್ತು. ಬರುವಾಗ ಅವರ ಫೈಲಿನಲ್ಲಿ ಒಂದು ಖಾಯಂ ಹುದ್ದೆಯ ಆರ್ಡರು ಇರುತ್ತದೆ, ಅದರಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ ಎಂದು ಸಂಘದ ಸೆಕ್ರೆಟರಿ ಮುನಿಸ್ವಾಮಪ್ಪನೇ ಗುಟ್ಟಾಗಿ ಹೇಳಿದ್ದ. ಆದಿನಾರಾಯಣ ಅದನ್ನು ಹೆಂಡತಿ ಮುನಿರತ್ನಮ್ಮನಿಗೆ ಗುಟ್ಟಾಗಿ ಹೇಳಿದ್ದ. ಮುನಿರತ್ನಮ್ಮ ಕೇಸರಿಬಾತಿಗೆ ರವೆ ಹುರಿದಿಟ್ಟು, ಗುಟ್ಟನ್ನು ಬೀದಿಗೆಲ್ಲ ಹಂಚಿದ್ದಳು.

ಖಾಯಮಾಗುವವನು ಸುಮ್ಮನಿರಬೇಕಲ್ಲ. ಹಿಂದಿನ ದಿನ ಸಾಯಂಕಾಲ ಆದಿನಾರಾಯಣ ಕಂಪ್ಯೂಟರಿನ ಡಬ್ಬ ಬಿಚ್ಚಿ, ಒಳಗಿದ್ದ ಕಾರ್ಡುಗಳನ್ನು ಒಂದೊಂದಾಗಿ ಕಿತ್ತು, ಮಗುವಿಗೆ ಮೈ ಒರೆಸಿದಂತೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದ್ದ. ಹಸುಗಳ ಮಾಹಿತಿ ಇರುವ ತಟ್ಟೆಗೆ ಡಿಸ್ಕು ಅಂತ ಹೆಸರು. ಆ ಡಿಸ್ಕನ್ನು ಆಡಿಸುವ ಕಾರ್ಡಿಗೆ ಕಂಟ್ರೋಲರ್ ಅಂತ ಹೆಸರು. ಅದರ ಮೂಲೆಯಲ್ಲಿ ಎರಡು ಸೂಜಿಗಳಿಗೆ ಜೋಡಿಯಾಗಿ ತೊಡಿಸಿದ್ದ ಪುಟ್ಟ ಟೊಪ್ಪಿಯೊಂದು ಬಟ್ಟೆಗೆ ಸಿಕ್ಕಿ ನೆಲಕ್ಕೆ ಬಿತ್ತು. ಅವನು ನೋಡಲಿಲ್ಲ. ಕಸ ಗುಡಿಸುವ ಪಾಪಕ್ಕ ಅದನ್ನು ಗುಡಿಸಿಕೊಂಡು ಹೋದದ್ದನ್ನೂ ನೋಡಲಿಲ್ಲ.

ಬೆಳಗ್ಗೆ ಎಂಟೂವರೆಗೆ ಬಂದು ಸ್ವಿಚ್ ಒತ್ತಿದ. ಪರದೆಯ ಮೇಲೆ ದಿನಾ ಓಡುವ ಸಾಲುಗಳು ಅರ್ಧ ಓಡಿ, ಏದುಸಿರು ಬಂದವರಂತೆ ನಿಂತವು. ಒಂದು ನಿಮಿಷ ಬಿಟ್ಟು ಬಿಳಿ ಅಕ್ಷರಗಳಲ್ಲಿ ಮೂರು ಸಾಲು ಬಂತು. ಡಿಸ್ಕ್ ಕಂಟ್ರೋಲರ್ ಡ್ರೈವರ್ ಎರರ್. ಟೈಮ್ ಔಟ್. ಕರ್ನಲ್ ಪ್ಯಾನಿಕ್.

ಕರ್ನಲ್ ಅಂದರೆ ಕಂಪ್ಯೂಟರಿನೊಳಗಿನ ಯಜಮಾನ, ಎಲ್ಲ ಪ್ರೋಗ್ರಾಮುಗಳನ್ನೂ ಆಳುವ ಪ್ರೋಗ್ರಾಮು. ಡ್ರೈವರ್ ಅಂದರೆ ಯಜಮಾನನ ಪರವಾಗಿ ಡಿಸ್ಕಿನ ಹತ್ತಿರ ಮಾತಾಡುವ ಇನ್ನೊಂದು ಪ್ರೋಗ್ರಾಮು. ಡ್ರೈವರು ಡಿಸ್ಕನ್ನು ಏನೋ ಕೇಳಿತ್ತು, ಉತ್ತರ ಬಂದಿರಲಿಲ್ಲ, ಯಜಮಾನ ಗಾಬರಿಯಾಗಿ ಕೈಚೆಲ್ಲಿ ಕೂತಿದ್ದ. ಆದಿನಾರಾಯಣ ಆರಿಸಿ, ಹತ್ತು ಎಣಿಸಿ, ಮತ್ತೆ ಹಚ್ಚಿದ. ಅದೇ ಮೂರು ಸಾಲು. ಆಪತ್ತಿಗೆಂದು ಇಟ್ಟಿದ್ದ ಫ್ಲಾಪಿ ಹಾಕಿ, ಅದರಲ್ಲಿದ್ದ ಬೇರೆ ಕರ್ನಲ್ಲನ್ನು ಎಬ್ಬಿಸಿ ನೋಡಿದ. ಆ ಕರ್ನಲ್ಲೂ ಡಿಸ್ಕಿನ ಬಾಗಿಲಿನ ತನಕ ಹೋಗಿ ಗಾಬರಿಯಾಗಿ ಬಿದ್ದ. ಅಲ್ಲಿಗೆ ಒಂದು ಗೊತ್ತಾಯಿತು, ಕೆಟ್ಟಿರುವುದು ಕರ್ನಲ್ಲಲ್ಲ. ಡ್ರೈವರಿಗೂ ಕಾರ್ಡಿಗೂ ನಡುವೆ ಏನೋ ಮಾತು ನಿಂತಿದೆ.

ಅಷ್ಟರಲ್ಲಿ ಮುನಿಸ್ವಾಮಪ್ಪ ಬಂದ. ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಓದುವವನು. ಕನ್ನಡಕ ಏರಿಸಿಕೊಂಡು ಮೂರು ಸಾಲನ್ನೂ ಆರಿಸಿ ಮುಗಿಸಿದ.

"ಡ್ರೈವರ್ ಎರರ್ ಅಂತೈತಲ್ಲಾ. ಏನ್ ತಪ್ ಮಾಡವ್ನೆ ನಮ್ ಡ್ರೈವರು?"

ಇದು ಮನುಷ್ಯ ಡ್ರೈವರಲ್ಲ ಎಂದು ಆದಿನಾರಾಯಣ ತನಗೆ ತಿಳಿದಷ್ಟು ಬಿಡಿಸಿ ಹೇಳಿದ. ಮುನಿಸ್ವಾಮಪ್ಪ ತಾಳ್ಮೆಯಿಂದ ಕೇಳಿದ. ಕೇಳಿ, ಮನುಷ್ಯನಲ್ಲದ ಡ್ರೈವರನ್ನು ತಾನು ಐವತ್ತೆರಡು ವರ್ಷದಲ್ಲಿ ಕಂಡಿಲ್ಲ ಎಂದ. ಅವನ ಭಾವಮೈದ ಮಿಲ್ಟ್ರಿಯಲ್ಲಿ ಅಡುಗೆಯವನಾಗಿದ್ದವನು, ಹೀಗಾಗಿ ಕರ್ನಲ್ ಅಂದರೆ ಯಾರು ಅನ್ನುವುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಬರುವ ಸಾಹೇಬರು ಮಿಲ್ಟ್ರಿಯಲ್ಲಿ ಕರ್ನಲ್ ಆಗಿದ್ದವರು, ನಮ್ಮ ಹಾಲಿನ ವ್ಯಾನಿನ ಡ್ರೈವರು ದಾರಿಯಲ್ಲಿ ಅವರಿಗೆ ಏನೋ ಗಾಬರಿ ಮಾಡಿದ್ದಾನೆ, ಅದನ್ನವರು ಬೆಂಗಳೂರಿನಿಂದಲೇ ಕಂಪ್ಯೂಟರಿಗೆ ಬರೆದು ಕಳಿಸಿದ್ದಾರೆ. ಮುನಿಸ್ವಾಮಪ್ಪನಿಗೆ ಎಲ್ಲ ಹಗಲಿನಷ್ಟು ಸ್ಪಷ್ಟವಾಯಿತು.

ಸಂಘಕ್ಕೆ ಇದ್ದವನು ಒಬ್ಬನೇ ಡ್ರೈವರು, ವೆಂಕಟೇಶಪ್ಪ. ಹದಿನಾಲ್ಕು ವರ್ಷದಿಂದ ವ್ಯಾನು ಓಡಿಸುತ್ತಿದ್ದವನು. ಒಂದು ಎಮ್ಮೆಯ ಬಾಲ ಬಿಟ್ಟರೆ ಯಾವುದಕ್ಕೂ ತಾಗಿಸಿದವನಲ್ಲ. ಹಾಲು ತಂದಿದ್ದ ಇಪ್ಪತ್ತು ಜನರ ಎದುರಿಗೆ ಅವನನ್ನು ನಿಲ್ಲಿಸಿ ಮುನಿಸ್ವಾಮಪ್ಪ ತನಿಖೆ ಮಾಡಿದ. ವೆಂಕಟೇಶಪ್ಪ ತಾನೇ ಒಳಗೆ ಬಂದು ಪರದೆ ನೋಡಿದ. ಅವನಿಗೆ ಓದಲು ಬರುತ್ತಿದ್ದ ಕೆಲವೇ ಇಂಗ್ಲಿಷ್ ಮಾತುಗಳಲ್ಲಿ ಡ್ರೈವರ್ ಒಂದು. ಅವನು ಹೊರಗೆ ಹೋಗಿ, ವ್ಯಾನನ್ನು ಗೇಟಿಗೆ ಅಡ್ಡಲಾಗಿ ನಿಲ್ಲಿಸಿ, ಕೀಲಿಯನ್ನು ಲುಂಗಿಯ ಗಂಟಿಗೆ ಕಟ್ಟಿ ಹೊಂಗೆ ಮರದ ಕೆಳಗೆ ಕೂತ.

"ಆ ಮಿಷಿನ್ನು ತನ್ ಮಾತು ವಾಪಸ್ ತಗಳೋಗಂಟ ನಾನು ಗಾಡಿ ಎತ್ತಲ್ಲ" ಎಂದ.

ಹಾಲು ಒಯ್ಯುವ ಟ್ಯಾಂಕರು ಗೇಟಿನಾಚೆ ನಿಂತಿತು. ಹಾಲಿನ ಕ್ಯಾನುಗಳು ಗೇಟಿನೀಚೆ ನಿಂತವು. ಬಿಸಿಲು ಎರಡರ ಮೇಲೂ ಸಮವಾಗಿ ಬಿತ್ತು. ಮಧ್ಯಾಹ್ನದೊಳಗೆ ವ್ಯಾನು ಸರಿಯದಿದ್ದರೆ ಹನ್ನೆರಡು ಹಳ್ಳಿಯ ಹಾಲು ಒಡೆಯುತ್ತದೆ ಎಂದು ಲೆಕ್ಕ ಹಾಕಿದ ಮುನಿಸ್ವಾಮಪ್ಪ, ಅದಕ್ಕೆ ಜವಾಬ್ದಾರಿ ಕಂಪ್ಯೂಟರಿನದು, ಅಂದರೆ ಆದಿನಾರಾಯಣನದು ಎಂದು ತೀರ್ಮಾನ ಕೊಟ್ಟ.

ಆದಿನಾರಾಯಣ ಕಂಟ್ರೋಲರ್ ಕಾರ್ಡನ್ನು ಕಿತ್ತು ಟವೆಲಿನಲ್ಲಿ ಸುತ್ತಿಕೊಂಡು ರೈಲ್ವೆ ಸ್ಟೇಷನ್ನಿನ ಪಕ್ಕದ ಕನಕಮ್ಮನ ಎಸ್‌ಟಿಡಿ ಬೂತಿಗೆ ಓಡಿದ. ಯಂತ್ರ ಮಾರಿದ ಕಂಪನಿಯ ಎಂಜಿನಿಯರು ಬೆಂಗಳೂರಿನಲ್ಲಿ ಫೋನೆತ್ತಿದ. ಬಾವಿಯ ತಳದಿಂದ ಮಾತಾಡಿದಂತೆ ಅವನ ದನಿ ಬರುತ್ತಿತ್ತು. ಕೆಲಸ ಮುಗಿಯಿತು ಎಂದು ಕಂಟ್ರೋಲರು ಡ್ರೈವರಿಗೆ ಒಂದು ಸಂಕೇತ ಕೊಡಬೇಕು, ಅದು ಯಾವ ತಂತಿಯಲ್ಲಿ ಹೋಗಬೇಕು ಅನ್ನುವುದನ್ನು ಕಾರ್ಡಿನ ಮೇಲಿನ ಜಂಪರ್ ಅನ್ನುವ ಟೊಪ್ಪಿ ತೀರ್ಮಾನಿಸುತ್ತದೆ, ಅದು ಹನ್ನೊಂದನೇ ನಂಬರಿನ ಮೇಲೆ ಇದೆಯಾ ನೋಡಿ ಎಂದ. ಆದಿನಾರಾಯಣ ಟವೆಲು ಬಿಚ್ಚಿ ನೋಡಿದ. ಹನ್ನೊಂದನೇ ನಂಬರಿನ ಜಾಗದಲ್ಲಿ ಎರಡು ಸೂಜಿಗಳು ಬರಿತಲೆಯಲ್ಲಿ ನಿಂತಿದ್ದವು.

ಆಚೆಯವನಿಗೆ ಕೇಳಿಸಲೆಂದು ಅವನು ಗಂಟಲು ಕಿತ್ತುಹೋಗುವಂತೆ ಕೂಗಿದ. "ಜಂಪರ್ ಇಲ್ಲ ಸಾರ್. ನಿನ್ನೆ ಸಾಯಂಕಾಲದ ತನಕ ಇತ್ತು. ನಾನು ಒರೆಸೋವಾಗ ಕಳಚಿಹೋಗಿರಬೇಕು."

ಬೂತಿನಲ್ಲಿ ಸರದಿಗೆ ಕಾದಿದ್ದವರಲ್ಲಿ ಆರು ಜನ ಹೆಂಗಸರು. ಅವರಿಗೆಲ್ಲ ಗೊತ್ತಿದ್ದ ಜಂಪರು ಒಂದೇ, ರವಿಕೆ, ಅದನ್ನು ಅವರೆಲ್ಲ ಸೀರೆಯ ಜೊತೆ ತೊಟ್ಟಿದ್ದರು. ಕನಕಮ್ಮ ಎದ್ದು ಬಂದು ಫೋನು ಕಸಿದಿಟ್ಟಳು. ಸಂಸಾರಸ್ಥರು ಬಂದುಹೋಗುವ ಜಾಗ ಇದು, ಇನ್ನೊಂದು ಮಾತಾಡಿದರೆ ಸಾಯಂಕಾಲದ ರೈಲಿಗೆ ತಾನೇ ಆಂಡರ್ಸನ್‌ಪೇಟೆಗೆ ಬಂದು ಅವನ ಹೆಂಡತಿಯನ್ನು ಕಂಡು ಮಾತಾಡುತ್ತೇನೆ ಎಂದಳು. ಆದಿನಾರಾಯಣ ವಿವರಿಸಲೆಂದು ಟವೆಲು ಬಿಚ್ಚಲು ಹೋದ. ಹೆಂಗಸರೆಲ್ಲ ಮುಖ ಆಚೆ ತಿರುಗಿಸಿದರು.

ವಾಪಸು ಬರುವಷ್ಟರಲ್ಲಿ ಮುನಿಸ್ವಾಮಪ್ಪ ಇನ್ನೊಂದು ಏರ್ಪಾಡು ಮಾಡಿದ್ದ. ಡ್ರೈವರಿನ ತಪ್ಪನ್ನು ತೀರ್ಮಾನಿಸಲು ಅವನಿಗಿಂತ ಹಿರಿಯ ಡ್ರೈವರು ಬೇಕು ಎಂದು ಸೆಲ್ವರಾಜನ್ನು ಹಿಡಿದು ತಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದ. ಸೆಲ್ವರಾಜು ಕೋರಮಂಡಲ್ ಚಿನ್ನದ ಗಣಿಯಲ್ಲಿ ಮೂವತ್ತೊಂದು ವರ್ಷ ವೈಂಡಿಂಗ್ ಎಂಜಿನ್ ಡ್ರೈವರಾಗಿದ್ದವನು. ಜನ ತುಂಬಿದ ಪಂಜರವನ್ನು ಹಗ್ಗದಲ್ಲಿ ಭೂಮಿಯೊಳಗೆ ಇಳಿಸುವುದು, ಮೇಲೆತ್ತುವುದು ಅವನ ಕೆಲಸವಾಗಿತ್ತು. ಈಗ ನಿವೃತ್ತಿಯಾಗಿ ಬಂಗಾರಪೇಟೆಯಲ್ಲಿ ಮಗಳ ಮನೆಯಲ್ಲಿದ್ದ. ಬೆಳಗ್ಗೆ ಅರ್ಧ ಲೀಟರು ಹಾಲಿಗೆಂದು ಬಂದವನು ಹೀಗೆ ಸಿಕ್ಕಿಬಿದ್ದಿದ್ದ.

ಆದಿನಾರಾಯಣ ಕಾರ್ಡನ್ನು ಅದರ ಜಾಗದಲ್ಲಿ ಕೂರಿಸಿ ಸ್ವಿಚ್ ಒತ್ತಿದ. ಸೆಲ್ವರಾಜು ಮೇಜಿನ ಮೇಲಿದ್ದ ಸ್ಕ್ರೂ ಡ್ರೈವರು ತೆಗೆದುಕೊಂಡು, ಅದರ ತುದಿಯನ್ನು ಡಬ್ಬಕ್ಕೂ ಹಿಡಿಯನ್ನು ತನ್ನ ಕಿವಿಗೂ ಒತ್ತಿ ಕಣ್ಣು ಮುಚ್ಚಿದ. ಕಿಟಕಿಯ ಆಚೆ ಹಾಲಿನವರು ಸಾಲಾಗಿ ಮೂಗು ಒತ್ತಿ ನಿಂತರು. ಪರದೆಯ ಮೇಲೆ ಕರ್ನಲ್ ಮತ್ತೊಮ್ಮೆ ಗಾಬರಿಯಾದ.

"ತಂಬಿ," ಎಂದ ಸೆಲ್ವರಾಜು, ಕಣ್ಣು ತೆರೆದು. "ಒಳಗೆ ತಟ್ಟೆ ನಲ್ಲಾ ಸುತ್ತುತಾ ಐತೆ. ಅದಕ್ಕೆ ಏನೂ ಆಗಿಲ್ಲ. ಆದ್ರೆ ಬೆಲ್ಲು ಬರ್ತಾ ಇಲ್ಲ."

ಯಾವ ಬೆಲ್ಲು ಎಂದು ಮುನಿಸ್ವಾಮಪ್ಪ ಕೇಳಿದ. ಸೆಲ್ವರಾಜು ನಿಧಾನವಾಗಿ ಹೇಳಿದ. ವೈಂಡಿಂಗ್ ಡ್ರೈವರಿಗೆ ಪಂಜರ ಕಣ್ಣಿಗೆ ಕಾಣುವುದಿಲ್ಲ, ಅದು ನೆಲದೊಳಗೆ ಸಾವಿರಾರು ಅಡಿ ಕೆಳಗಿರುತ್ತದೆ. ಕೆಳಗಿನವನು ಗಂಟೆ ಬಾರಿಸಿದರೆ ಎತ್ತುವುದು, ಬಾರಿಸದಿದ್ದರೆ ಬ್ರೇಕು ಹಾಕಿಕೊಂಡು ಕೂರುವುದು. ಎಷ್ಟು ಹೊತ್ತಾದರೂ ಗಂಟೆ ಬರದಿದ್ದರೆ ಮೇಲಿರುವ ದೊರೆಗಳಿಗೆ ಗಾಬರಿಯಾಗುತ್ತದೆ, ಆದರೂ ಡ್ರೈವರು ಹಗ್ಗ ಮುಟ್ಟಕೂಡದು.

"ಅದು ಡ್ರೈವರ್ ತಪ್ಪಲ್ಲ. ಅದು ರೂಲು. ಬೆಲ್ ತಂತಿ ಎಲ್ಲೋ ಕಟ್ಟಾಗೈತೆ, ನೋಡು."

ಆದಿನಾರಾಯಣನಿಗೆ ಮೈ ಜುಮ್ಮೆಂದಿತು. ಕೋರ್ಸಿನ ಆರು ತಿಂಗಳಲ್ಲಿ ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ಡ್ರೈವರು ಹನ್ನೊಂದನೇ ನಂಬರಿನ ಗಂಟೆಗೆ ಕಾಯುತ್ತಿದೆ, ಟೊಪ್ಪಿ ಇಲ್ಲದೆ ಆ ಗಂಟೆಯ ತಂತಿ ಕೂಡಿಲ್ಲ, ಕಂಟ್ರೋಲರು ಒಳಗೆ ಒಂದೇ ಸಮ ಬಾರಿಸುತ್ತಿದ್ದರೂ ಮೇಲಿರುವ ಡ್ರೈವರಿಗೆ ಕೇಳುತ್ತಿಲ್ಲ. ಮುದುಕನ ಕಾಲು ಮುಟ್ಟಬೇಕೆನ್ನಿಸಿತು.

ತೀರ್ಪನ್ನು ಹೊಂಗೆ ಮರದ ಕೆಳಗೆ ಓದಲಾಯಿತು. ವೆಂಕಟೇಶಪ್ಪ ಅದನ್ನು ಇನ್ನೊಂದು ಸಲ, ಸ್ವಲ್ಪ ಜೋರಾಗಿ, ಟ್ಯಾಂಕರಿನ ಡ್ರೈವರಿಗೂ ಕೇಳಿಸುವಂತೆ ಹೇಳಿಸಿಕೊಂಡ. ಆಮೇಲೆ ಲುಂಗಿಯ ಗಂಟು ಬಿಚ್ಚಿದ. ಹನ್ನೆರಡು ಹಳ್ಳಿಯ ಹಾಲು ಉಳಿಯಿತು.

ಈಗ ಟೊಪ್ಪಿ ಸಿಗಬೇಕಿತ್ತು. ಪಾಪಕ್ಕನನ್ನು ಕೇಳಿದಾಗ ಅವಳು ಕೊಂಚವೂ ಯೋಚಿಸದೆ ಹೇಳಿದಳು: "ಕರ್ರಗೆ, ಚಿಕ್ಕದು? ಇಲಿಪಿಕ್ಕೆ ಅನ್ಕಂಡು ತಿಪ್ಪೆಗೆ ಆಕ್ದೆ."

ಹಿತ್ತಿಲ ತಿಪ್ಪೆಯನ್ನು ನಾಲ್ಕು ಜನ ಒಂದೂವರೆ ಗಂಟೆ ಕೆದಕಿದರು. ಪಾಪಕ್ಕ ಸೊಂಟದ ಮೇಲೆ ಕೈಯಿಟ್ಟು ಮೇಲ್ವಿಚಾರಣೆ ಮಾಡಿದಳು. ನಿಜವಾದ ಇಲಿಪಿಕ್ಕೆ ಅಷ್ಟೊಂದು ಇರುತ್ತದೆಂದು ಮುನಿಸ್ವಾಮಪ್ಪನಿಗೆ ಅಲ್ಲಿಯವರೆಗೆ ಅಂದಾಜಿರಲಿಲ್ಲ. ಟೊಪ್ಪಿ ಸಿಗಲಿಲ್ಲ. ಗಂಟೆ ಎರಡಾಯಿತು.

ಎರಡು ಸೂಜಿಗಳನ್ನು ಕೂಡಿಸಿದರೆ ಸಾಕು, ಟೊಪ್ಪಿಯೇ ಬೇಕೆಂದಿಲ್ಲ ಎಂದು ಆದಿನಾರಾಯಣನಿಗೆ ಹೊಳೆಯಿತು. ಫ್ಯೂಸಿನ ತಂತಿ ಸುತ್ತಿದ, ಬಗ್ಗಿಸುವಾಗಲೇ ಮುರಿಯಿತು. ವೆಂಕಟೇಶಪ್ಪ ಈಗ ಪೂರ್ತಿ ಕಂಪ್ಯೂಟರಿನ ಪಕ್ಷ ಸೇರಿದ್ದ. ವ್ಯಾನಿನ ಹಾರನ್ನಿನಿಂದ ತಾಮ್ರದ ಎಳೆ ಕಿತ್ತು ತಂದುಕೊಟ್ಟ. ತಾಮ್ರ ಸೂಜಿಗೆ ಕೂರುತ್ತಿತ್ತು, ಡಬ್ಬದ ಫ್ಯಾನು ತಿರುಗಿ ನಡುಗಿದೊಡನೆ ಟಣ್ಣನೆ ನೆಗೆಯುತ್ತಿತ್ತು. ನೆಗೆದಾಗಲೆಲ್ಲ ಕರ್ನಲ್ ಗಾಬರಿಯಾಗುತ್ತಿದ್ದ. ಆರನೇ ಸಲ ನೆಗೆದಾಗ ಆದಿನಾರಾಯಣನೂ ಅವನ ಜೊತೆ ಕೈಚೆಲ್ಲಿ ಕೂತ.

"ತಾಮ್ರ ನೆಗೀತದೆ," ಎಂದ ಸೆಲ್ವರಾಜು. "ತಂಗಂ ಮಾತ್ರ ಬಗ್ಗಿಸಿದ ಕಡೆ ಬಿದ್ದಿರ್ತದೆ."

ಬಂಗಾರ ಅಂದರೆ ಗೊತ್ತಿರುವ ಊರಿನವನು ಹೇಳಿದ ಮಾತು. ಎಲ್ಲರ ಕಣ್ಣೂ ಒಟ್ಟಿಗೆ ಕೋಣೆಯಲ್ಲಿದ್ದ ಬಂಗಾರ ಹುಡುಕಿ, ಪಾಪಕ್ಕನ ಮೂಗಿನ ಮೇಲೆ ಹೋಗಿ ನಿಂತವು. ಅಲ್ಲಿ ಎಳೆಯಂಥ ತೆಳು ನತ್ತು ಹೊಳೆಯುತ್ತಿತ್ತು.

ಪಾಪಕ್ಕ ಎರಡು ಹೆಜ್ಜೆ ಹಿಂದೆ ಹೋದಳು. ಅದು ತನ್ನ ಅತ್ತೆ ಹಾಕಿದ್ದು, ಮದುವೆಯಾದಂದಿನಿಂದ ಮೂಗು ಬಿಟ್ಟು ಇಳಿದಿಲ್ಲ ಎಂದಳು. ಆದಿನಾರಾಯಣ ತನ್ನ ನಾಲ್ಕು ವರ್ಷದ ಕಷ್ಟ ಹೇಳಿಕೊಂಡ, ಹುರಿದಿಟ್ಟ ರವೆಯ ವಿಷಯವನ್ನೂ ಹೇಳಿದ. ಸಾಹೇಬರು ಹೋದ ಮರುಕ್ಷಣ ನತ್ತು ಮೂಗಿನಲ್ಲಿರುತ್ತದೆ ಎಂದು ದೇವರ ಪಟದ ಮುಂದಿನ ದೀಪ ಮುಟ್ಟಿ ಆಣೆ ಮಾಡಿದ. ಪಾಪಕ್ಕನ ಮನಸ್ಸು ಕರಗಿತು. ಗೋಡೆಯ ಕಡೆ ತಿರುಗಿ ನತ್ತು ತೆಗೆದು ಕೊಟ್ಟಳು. ಸೆಲ್ವರಾಜು ಅದನ್ನು ಇಕ್ಕಳದಲ್ಲಿ ಹಿಡಿದು, ಎರಡೂ ಸೂಜಿಗಳಿಗೆ ಎಂಟರ ಅಂಕಿಯಂತೆ ಸುತ್ತಿ ಅದುಮಿದ.

ಸ್ವಿಚ್ ಒತ್ತಿದರು. ಡ್ರೈವರು ಡಿಸ್ಕನ್ನು ಕೇಳಿತು, ಡಿಸ್ಕು ಹುಡುಕಿ ಕೊಟ್ಟಿತು, ಗಂಟೆ ಹೊಡೆಯಿತು, ಕರ್ನಲ್ ಮೀಸೆ ತಿರುವಿಕೊಂಡು ಎದ್ದು ಕೂತ. ಕಾಮಸಮುದ್ರದ ಗೌರಿ, ಬೂದಿಕೋಟೆಯ ಚೆಂಗಾವಿ, ಒಂದರ ಹಿಂದೆ ಒಂದು ಹಸುಗಳು ಪರದೆಯ ಮೇಲೆ ಬಂದವು. ಕಿಟಕಿಯಲ್ಲಿದ್ದ ಹಾಲಿನವನೊಬ್ಬ ತನ್ನ ಹಸುವಿನ ಹೆಸರು ನೋಡಿ ತನಗೇ ಗೊತ್ತಿಲ್ಲದಂತೆ ನಾಲಿಗೆ ಲೊಚಗುಟ್ಟಿ ಅದನ್ನು ಕರೆದ.

ಮೂರಕ್ಕೆ ಸರಿಯಾಗಿ ಜೀಪು ಬಂತು. ಇಳಿದವರು ಕರ್ನಲ್ ಆಗಿರಲಿಲ್ಲ. ಕಾಲರಿಗೆ ಕರ್ಚೀಫು ಸಿಕ್ಕಿಸಿಕೊಂಡ, ಗುಂಡಗಿನ, ಬೆವರುವ ಸಾಹೇಬರು. ಆದರೂ ಮುನಿಸ್ವಾಮಪ್ಪ ಸೆಲ್ಯೂಟ್ ಹೊಡೆದ. ಸಾಹೇಬರು ಬೂದಿಕೋಟೆಯಲ್ಲಿ ಚುಚ್ಚುಮದ್ದು ಬಾಕಿ ಇರುವ ಹಸುಗಳ ಪಟ್ಟಿ ಕೇಳಿದರು. ಕೇಳಿದ ಬಾಯಿ ಮುಚ್ಚುವುದರೊಳಗೆ ಪ್ರಿಂಟರು ಕರಕರ ಅನ್ನತೊಡಗಿತು. ಇನ್ನೆರಡು ಕೇಳಿದರು, ಅವೂ ಬಂದವು. ಸಾಹೇಬರು ಆದಿನಾರಾಯಣನ ಬೆನ್ನು ತಟ್ಟಿದರು. ಅವನ ಕಣ್ಣಿಗೆ ಕೇಸರಿಬಾತಿನ ಮೇಲಿನ ದ್ರಾಕ್ಷಿ ಗೋಡಂಬಿ ಬೇರೆ ಬೇರೆಯಾಗಿ ಕಂಡವು.

"ಜಿಲ್ಲೆಯಲ್ಲಿ ಐದು ಕಡೆ ನೋಡಿದೆ. ನಡೀತಿರೋದು ಇದೊಂದೇ," ಎಂದರು ಸಾಹೇಬರು. "ಕೆಟ್ಟಿರೋ ಕಡೆಗೆಲ್ಲ ಹೊಸ ಕಂಪ್ಯೂಟರ್ ಕೊಡ್ತಿದೀವಿ, ಅಲ್ಲಿನ ಆಪರೇಟರನ್ನೂ ಖಾಯಂ ಮಾಡ್ತಿದೀವಿ. ಇಲ್ಲಿಗೆ ಅದರ ಅಗತ್ಯ ಇಲ್ಲ. ಇದನ್ನ ಕೋಲಾರದ ಆಫೀಸಿಗೆ ತಗೊಂಡೋಗ್ತೀನಿ. ಜೀಪಿಗೆ ಹಾಕ್ಸಿ."

ಆದಿನಾರಾಯಣ ಬಾಯಿ ತೆರೆದ. ಇದು ಭಾರೀ ಕೆಟ್ಟ ಯಂತ್ರ ಸಾರ್, ಬೆಳಗ್ಗೆಯಿಂದ ಹತ್ತು ಸಲ ನಿಂತಿದೆ ಎಂದ. ನಿಲ್ಲಿಸಿ ತೋರಿಸು ಎಂದರು ಸಾಹೇಬರು. ಅವನು ಇಡೀ ಡಿಸ್ಕನ್ನು ಈ ತುದಿಯಿಂದ ಆ ತುದಿಗೆ ಓದುವ ಅಪ್ಪಣೆ ಕೊಟ್ಟ. ಓದಿತು. ಒಟ್ಟಿಗೆ ಮೂರು ಕೆಲಸ ಹೇರಿದ. ಮೂರನ್ನೂ ಮಾಡಿತು. ಆಕಸ್ಮಿಕವಾಗಿ ಎಂಬಂತೆ ಮೇಜಿಗೆ ಮೊಣಕಾಲು ಗುದ್ದಿದ. ಮೊಣಕಾಲು ಊದಿಕೊಂಡಿತು, ಕರ್ನಲ್ ಅಲುಗಲಿಲ್ಲ. ಅವನು ಗಾಬರಿಯಾಗಲಿ ಎಂದು ಆದಿನಾರಾಯಣ ಬೆಳಗ್ಗೆ ಬೇಡಿದ ದೇವರನ್ನೇ ತಿರುಗಿಸಿ ಬೇಡಿಕೊಂಡ.

ಸೆಲ್ವರಾಜಿಗಂತೂ ಅವಮಾನವಾದಂತಾಯಿತು. ಬೆಲ್ಲು ಈಗ ಸರಿಯಾಗಿ ಬರುತ್ತಿದೆ, ಇನ್ನು ಇಪ್ಪತ್ತು ವರ್ಷ ಏನೂ ಆಗುವುದಿಲ್ಲ, ಇದು ತನ್ನ ಗ್ಯಾರಂಟಿ ಎಂದು ಸಾಹೇಬರಿಗೆ ಮಾತು ಕೊಟ್ಟ. ವೆಂಕಟೇಶಪ್ಪನೂ ಹೌದೆಂದು ತಲೆಯಾಡಿಸಿದ. ಕೊನೆಗೆ ಆದಿನಾರಾಯಣ ಎರಡೇ ನಿಮಿಷ ಡಬ್ಬ ಬಿಚ್ಚಿ ಧೂಳು ತೆಗೆಯುತ್ತೇನೆ ಎಂದ. ನಡೆಯುವ ಯಂತ್ರವನ್ನು ಇವನೇಕೆ ಬಿಚ್ಚುತ್ತಾನೆ ಎಂದು ಸಾಹೇಬರಿಗೆ ಅನುಮಾನ ಬಂತು. ಡಬ್ಬದ ಮೇಲೆ ಕಾಗದ ಅಂಟಿಸಿ, ಸಹಿ ಹಾಕಿ, ಸೀಲು ಒತ್ತಿದರು.

ಡಬ್ಬ ಜೀಪು ಹತ್ತಿತು. ಸಾಹೇಬರು ಹತ್ತುವಷ್ಟರಲ್ಲಿ ಪಾಪಕ್ಕ ಪೊರಕೆ ಹಿಡಿದು ಅಂಗಳದ ಆ ಕಡೆಯಿಂದ ಬಂದಳು. ಬಂದವಳೇ ಡಬ್ಬವನ್ನು ಎಡಗೈಯಲ್ಲಿ ತಬ್ಬಿ ಹಿಡಿದಳು.

ಈಯಮ್ಮ ಯಾರು ಎಂದು ಸಾಹೇಬರು ಕೇಳಿದರು. ಸರ್ಕಾರದ ದುಡ್ಡಿನ ಯಂತ್ರದೊಳಗೆ ಕಸ ಗುಡಿಸುವವಳ ನತ್ತು ಇದೆ ಎಂದು ಬೆಂಗಳೂರಿನವರ ಎದುರಿಗೆ ಹೇಳುವುದು ಹೇಗೆ? ಮುನಿಸ್ವಾಮಪ್ಪ ಬೆವರೊರೆಸಿಕೊಂಡು, ಸುಳ್ಳಲ್ಲದ ಒಂದು ಮಾತು ಹುಡುಕಿ ಹೇಳಿದ.

"ಈಯಮ್ಮ ಇಲ್ದಿದ್ರೆ ಆ ಮಿಷಿನ್ನು ನಡೆಯಲ್ಲ ಸಾರ್."

"ಔದು ಸ್ವಾಮಿ," ಎಂದಳು ಪಾಪಕ್ಕ. "ಬೆಳಗ್ಗೆಯಿಂದ ನಾಕ್ ಜನ ಗಂಡಸ್ರು ಬಡ್ಕಂಡ್ರು, ಏಳ್ಲಿಲ್ಲ. ನಾನ್ ಕೊಟ್ಟ ಮೇಲೇ ಎದ್ದಿದ್ದು. ಬೇಕಾದ್ರೆ ಕೇಳಿ. ಅದೆಲ್ಲಿಗೋ ನಾನೂ ಅಲ್ಲಿಗೆ."

ಸಾಹೇಬರು ಮೊದಲು ಸೆಲ್ವರಾಜನ್ನು ಕೇಳಿದರು. ಉಣ್ಮೈ, ನಿಜ ಎಂದ. ವೆಂಕಟೇಶಪ್ಪನನ್ನು ಕೇಳಿದರು. ಹೌದೆಂದ. ಆದಿನಾರಾಯಣನನ್ನು ಕೇಳಿದರು. ಅವನು ಅಂಗಳ ನೋಡಿದ, ಆಕಾಶ ನೋಡಿದ, ನತ್ತಿಲ್ಲದ ಮೂಗು ನೋಡಿದ, ಹೌದು ಸಾರ್ ಎಂದ.

ಸಾಹೇಬರು ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡು ಯೋಚಿಸಿದರು. ಓದಿಕೊಂಡ ಆಪರೇಟರುಗಳನ್ನು ಐದು ಕಡೆ ನೋಡಿಯಾಗಿತ್ತು. ಅವರಿಗೆಲ್ಲ ಎಲ್ಲವೂ ಗೊತ್ತಿತ್ತು, ಯಂತ್ರ ಮಾತ್ರ ನಡೆಯುತ್ತಿರಲಿಲ್ಲ. ಇಲ್ಲಿ ಯಂತ್ರ ನಡೆಸುವವಳೊಬ್ಬಳಿದ್ದಾಳೆ, ಈ ಆಪರೇಟರು ಮೊಣಕಾಲಲ್ಲಿ ಗುದ್ದುತ್ತಾನೆ. ಫೈಲು ಬಿಚ್ಚಿ ಖಾಯಂ ಹುದ್ದೆಯ ಆರ್ಡರು ತೆಗೆದರು. ಯಂತ್ರದ ಪಾಲನೆಗೆ, ಕೋಲಾರದ ಆಫೀಸು ಎಂದು ಸೇರಿಸಿದರು. ಖಾಲಿ ಜಾಗದಲ್ಲಿ ಪಾಪಕ್ಕನ ಹೆಸರು ಬರೆದು, ಗಂಡನ ಹೆಸರು ಕೇಳಿ ಅದನ್ನೂ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡರು.

ಪಾಪಕ್ಕ ಜೀಪಿನ ಹಿಂದೆ ಹತ್ತಿ ಡಬ್ಬದ ಪಕ್ಕ ಕೂತಳು. ಎಂಜಿನ್ನು ಶುರುವಾದಾಗ ಏನೋ ಜ್ಞಾಪಕ ಬಂದು ಆದಿನಾರಾಯಣನನ್ನು ಹತ್ತಿರ ಕರೆದಳು. ಕೈಯಲ್ಲಿದ್ದ ಪೊರಕೆಯನ್ನು ಅವನ ಕೈಗೆ ಕೊಟ್ಟಳು.

"ಕ್ಯಾನ್ ತೊಳ್ಯೋ ಕಡೆ ಮೊದ್ಲು ನೀರ್ ಆಕಪ್ಪ, ಆಮೇಲ್ ಗುಡ್ಸು. ಇಲ್ದಿದ್ರೆ ನೊಣ ಬತ್ತವೆ."

ಜೀಪು ಕೋಲಾರದ ರಸ್ತೆಗೆ ತಿರುಗಿತು. ಧೂಳು ಇಳಿಯುವ ತನಕ ಎಲ್ಲರೂ ನಿಂತು ನೋಡಿದರು. ಮುನಿಸ್ವಾಮಪ್ಪ ಮೆಲ್ಲಗೆ ಕೆಮ್ಮಿದ. ಖಾಲಿ ಮೇಜು ನೋಡಿದ, ಗುಡಿಸದೆ ಉಳಿದ ಅರ್ಧ ಅಂಗಳ ನೋಡಿದ, ಆದಿನಾರಾಯಣನ ಕೈ ನೋಡಿದ.

"ಐದಕ್ಕೆ ಆಫೀಸ್ ಮುಚ್ಚಾಕೆ ಇನ್ನೂ ಅರ್ಧ ಗಂಟೆ ಐತೆ ಕಣ್ಲಾ," ಎಂದ.